ಸೇತುವೆ ದಾಟಿದ ರಾಹುಕಾಲ

ನನ್ನ ಮಾವ ರಾಮದಾಸರು ಕೆಎಸ್ಸಾರ್ಟಿಸಿಯ ಮಂಗಳೂರು ಡಿಪೋದಲ್ಲಿ ಬಸ್ಸು ಹೊರಡಿಸುತ್ತಿದ್ದವರು. ಹುದ್ದೆಯ ಹೆಸರು ಟ್ರಾಫಿಕ್ ಕಂಟ್ರೋಲರ್. ನಿವೃತ್ತಿಯಾಗುವವರೆಗೆ ಅಮಾವಾಸ್ಯೆ, ರಾಹುಕಾಲ ಯಾವುದನ್ನೂ ಲೆಕ್ಕಿಸದೆ ಹೊತ್ತಿಗೆ ಸರಿಯಾಗಿ ಸೀಟಿ ಊದಿ ಬಸ್ಸು ಕಳಿಸಿದ ಮನುಷ್ಯ. ಅಂಥವರು, ಫಿನ್‌ಲ್ಯಾಂಡಿನ ಕೊನೆಯ ಊರಾದ ತೋರ್ನಿಯೋದಲ್ಲಿ, ಎದುರಿಗೆ ಸ್ವೀಡನ್ ಕಣ್ಣಿಗೆ ಕಾಣುತ್ತಿರುವಾಗ, ಕಾರಿನ ಹಿಂದಿನ ಸೀಟಿನಿಂದ ಹೇಳಿದರು:

"ನಿಲ್ಸು ಯೋಗೀಶ. ರಾಹುಕಾಲ ಶುರುವಾಯ್ತು."

ಕಾರು ನಿಂತಿತು. ನನ್ನ ಗಂಡ ಯೋಗೀಶ ದೊಡ್ಡ ದೊಡ್ಡ ಯಂತ್ರಗಳಿಗೆ ಬ್ರೇಕು ವಿನ್ಯಾಸ ಮಾಡುವ ಎಂಜಿನಿಯರು. ಆದರೆ ಅಪ್ಪನ ದನಿ ಕೇಳಿದರೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ಆ ದಿನ ನನಗೆ ಎಂಥ ದಿನ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಬಹಳ ವರ್ಷ ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದಲ್ಲಿ ಇದ್ದವರು. ಯೋಗೀಶ ಮತ್ತು ಮಗಳು ಅಹನಾ ಸ್ವೀಡನ್ನಿನ ಪೌರತ್ವ ತೆಗೆದುಕೊಂಡರು. ನನಗೆ ಮಾತ್ರ ನಮ್ಮ ಕಡುನೀಲಿ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆಮೇಲೆ ನೋಡೋಣ ಎಂದೆ. ನನ್ನ ಕೈಯಲ್ಲಿ ಖಾಯಂ ವಾಸದ ಪರವಾನಗಿ ಇತ್ತು, ಅದೇ ಸಾಕು ಅನ್ನಿಸಿತ್ತು. ಅಷ್ಟರಲ್ಲಿ ಯೋಗೀಶನಿಗೆ ಫಿನ್‌ಲ್ಯಾಂಡಿನ ಓಉಲು ಎಂಬ ಊರಿಗೆ ಕೆಲಸದ ಮೇಲೆ ಹೋಗಬೇಕಾಗಿ ಬಂತು. ಮೊದಲೇ ತಿಳಿಸಿ ಹೊರಟರೆ ಖಾಯಂ ಪರವಾನಗಿಯನ್ನು ಎರಡು ವರ್ಷ ಉಳಿಸಿಡುತ್ತಾರೆ. ಅಷ್ಟರೊಳಗೆ ವಾಪಸು ಬಂದು, ಇಲ್ಲೇ ನೆಲೆಸಿದ್ದೇನೆ ಎಂದು ಕಚೇರಿಯಲ್ಲಿ ಮುಖ ತೋರಿಸಿ ನೋಂದಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಹೋಯಿತು.

ನಾವು ಮೈಮರೆತು ಕೂತವರಲ್ಲ. ಯೋಗೀಶನಿಗೆ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಹೊಸ ಕೆಲಸ ಸಿಕ್ಕಿತ್ತು, ಅಲ್ಲಿ ಮನೆಯೂ ಗೊತ್ತಾಗಿತ್ತು. ಇನ್ನೇನು ಹೊರಡಬೇಕು ಅನ್ನುವಾಗ ಅಹನಾಳಿಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಅದು ಬಾಡಿ ಉದುರುವಷ್ಟರಲ್ಲಿ ನನ್ನ ಗಡುವು ಮೂಗಿನ ತುದಿಗೆ ಬಂದಿತ್ತು. ಆ ಗುರುವಾರವೇ ಕೊನೆಯ ದಿನ. ಎಸ್ಕಿಲ್‌ಸ್ಟುನಾ ತಲುಪಲು ಇನ್ನೊಂದು ದಿನ ಬೇಕು. ಹಾಗಾಗಿ ಗಡಿಯ ಸೇತುವೆ ದಾಟಿದ ಕೂಡಲೇ ಸಿಗುವ ಹಾಪರಾಂಡ ಎಂಬ ಊರಿನ ಸರ್ಕಾರಿ ಸೇವಾ ಕಚೇರಿಯಲ್ಲೇ ಕೆಲಸ ಮುಗಿಸುವುದು ಎಂದು ತೀರ್ಮಾನಿಸಿದೆವು. ಅದು ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ. ಆ ದಿನ ತಪ್ಪಿದರೆ ನಾನು ಯೋಗೀಶನ ಹೆಂಡತಿ ಎಂದು ಹೊಸದಾಗಿ ಅರ್ಜಿ ಹಾಕಿ, ತುಮಕೂರಿನ ತವರಿಗೆ ಹೋಗಿ ಕೂತು ಕಾಯಬೇಕು. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಅಷ್ಟು ದಿನ ಅಹನಾ ನನ್ನನ್ನು ಫೋನಿನಲ್ಲಿ ನೋಡಬೇಕು. ಇದನ್ನು ನೆನೆದು ಎಷ್ಟೋ ರಾತ್ರಿ ನಿದ್ದೆ ಬಂದಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮಾವ ರಾಹುಕಾಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

"ಮಾವ, ಆ ಕಡೆಗೆ ಬರೀ ಐದು ನಿಮಿಷದ ದಾರಿ," ಎಂದೆ.

"ಐದು ನಿಮಿಷವೇ ಆಗ್ಲಿ. ಒಂದೂವರೆಯಿಂದ ಮೂರರ ತನಕ ಗಡಿ ದಾಟೂದು ಬೇಡ. ಅದೂ ಈ ಕೆಲಸಕ್ಕೆ."

"ನಿಮ್ಮ ಬಸ್ಸುಗಳೆಲ್ಲ ದಾಟ್ತಿರ್ಲಿಲ್ವಾ?"

"ಬಸ್ಸು ಸರ್ಕಾರದ್ದು. ರಾಹುವಿಗೂ ಸರ್ಕಾರಕ್ಕೂ ಸಂಬಂಧ ಇಲ್ಲ. ನಾವು ಪ್ರೈವೇಟು."

ಯೋಗೀಶ ನನ್ನ ಕಡೆ ತಿರುಗಿ, ತಾನು ಎಲ್ಲ ಲೆಕ್ಕ ಹಾಕಿಟ್ಟವನ ಹಾಗೆ ದನಿ ತಗ್ಗಿಸಿದ. "ಪಾರು, ಟೆನ್ಷನ್ ಮಾಡ್ಕೋಬೇಡ. ಸ್ವೀಡನ್ ಟೈಮ್ ನಮಗಿಂತ ಒಂದು ಅವರ್ ಹಿಂದೆ. ಆಫೀಸ್ ಮೂರಕ್ಕೆ ಕ್ಲೋಸ್ ಅಂದ್ರೆ ಇಲ್ಲಿ ನಾಲ್ಕು. ಮೂರಕ್ಕೆ ಹೊರಟ್ರೂ ಫುಲ್ ಒನ್ ಅವರ್ ಸಿಗುತ್ತೆ. ಅಪ್ಪನ ಮನಸ್ಸಿಗೂ ಸಮಾಧಾನ."

ಲೆಕ್ಕ ಸರಿಯಾಗಿಯೇ ಇತ್ತು. ನಾನೂ ಒಪ್ಪಿದೆ. ಆ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಓದಿದ್ದೆಲ್ಲ ಇಂಥ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಮಾವ ಮೊದಲು ಹೀಗಿರಲಿಲ್ಲ. ಸುರತ್ಕಲ್ಲಿನ ಮನೆಯಲ್ಲಿ ತಿಥಿ, ಗಳಿಗೆ, ಶಕುನ ನೋಡುವವರು ಅತ್ತೆ. ಗೋಡೆಯ ಕ್ಯಾಲೆಂಡರು ಅವರ ಸುಪರ್ದಿ. ಮಾವ ಪೇಪರು ಓದುತ್ತ ನಗುತ್ತಿದ್ದರು. ನಾನು ಮದುವೆಯಾಗಿ ಮೊದಲ ಸಲ ಸ್ವೀಡನ್ನಿಗೆ ಹೊರಟಾಗ ವಿಮಾನ ಮಂಗಳವಾರ ಇತ್ತು. ಮಂಗಳವಾರ ಸೊಸೆಯನ್ನು ಹೇಗೆ ಕಳಿಸುವುದು ಎಂದು ಅತ್ತೆಗೆ ಸಂಕಟ. ಅದಕ್ಕೆ ಎರಡು ದಿನ ಮೊದಲೇ ಒಳ್ಳೆಯ ಗಳಿಗೆ ನೋಡಿ, ನನ್ನದೊಂದು ಕೈಚೀಲಕ್ಕೆ ಒಂದು ಸೀರೆ ಹಾಕಿ, ಕರವಸ್ತ್ರದಲ್ಲಿ ಹಿಡಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು ಗಂಟು ಕಟ್ಟಿಟ್ಟು, ಪಕ್ಕದ ಮನೆಯ ಫ್ರಾನ್ಸಿಸ್ ಪೊರ್ಬುಗಳ ಜಗಲಿಯಲ್ಲಿ ಇಟ್ಟುಬಂದರು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಸಾಮಾನು ಹೊಸಿಲು ದಾಟಿತೆಂದರೆ ಪಯಣ ಹೊರಟ ಹಾಗೆ. ಆಮೇಲೆ ಮನುಷ್ಯರು ಯಾವ ವಾರ ಹೊರಟರೂ ದೋಷವಿಲ್ಲ. "ನೀನು ಭಾನುವಾರವೇ ಹೊರಟಾಗಿದೆ ಪಾರ್ವತಿ, ಮಂಗಳವಾರ ಬರೀ ವಿಮಾನ ಹತ್ತೂದು," ಎಂದಿದ್ದರು ಅತ್ತೆ. ನಾನು ಕೋಣೆಗೆ ಹೋಗಿ ನಕ್ಕಿದ್ದೆ. ಅತ್ತೆ ತೀರಿಕೊಂಡು ಐದು ವರ್ಷವಾಯಿತು. ಕ್ಯಾಲೆಂಡರು ಮಾವನ ಕೈಗೆ ಬಂತು, ಅದರ ಜೊತೆಗೆ ರಾಹುವೂ ಬಂದ.

ಗಡಿಯ ಪಕ್ಕದಲ್ಲೇ ಒಂದು ಮಾಲ್ ಇದೆ. ಅಲ್ಲಿ ಹೋಗಿ ಕೂತೆವು. ಕಿಟಕಿಯಾಚೆ ಹೊಳೆ ಪೂರ್ತಿ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು. ಮಾರ್ಚಿನ ಬಿಸಿಲು ಅದರ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿತ್ತು.

"ಇದು ಹೊಳೆಯಾ? ಗದ್ದೆಯ ಹಾಗೆ ಉಂಟಲ್ಲ," ಎಂದರು ಮಾವ. ಆ ಮಂಜುಗಡ್ಡೆಯ ಮೇಲೆ ಯಾರೋ ಒಬ್ಬ ನಾಯಿ ಹಿಡಿದುಕೊಂಡು ಆರಾಮವಾಗಿ ಸ್ವೀಡನ್ನಿನ ಕಡೆ ನಡೆದುಹೋಗುತ್ತಿದ್ದ. ನಾಯಿಗೂ ಇಲ್ಲದ ರಾಹುಕಾಲ ನನಗೆ ಅಂಟಿಕೊಂಡಿತಲ್ಲ ಎಂದು ಮೈ ಉರಿಯಿತು.

ಕಾಫಿ ಮುಟ್ಟಲಾಗಲಿಲ್ಲ. ಪಾಸ್‌ಪೋರ್ಟು, ಮನೆಯ ಕರಾರು, ಮದುವೆಯ ಪತ್ರ ಎಲ್ಲ ಇರುವ ಫೈಲನ್ನು ಬಿಚ್ಚಿ ಇನ್ನೊಮ್ಮೆ ನೋಡತೊಡಗಿದೆ. ಮಾವ ಕೈಚಾಚಿದರು. "ಇತ್ತ ಕೊಡು. ಈ ಹೊತ್ತಿನಲ್ಲಿ ಕಾಗದಪತ್ರ ಬಿಚ್ಚಬಾರದು. ನನ್ನ ಹತ್ರ ಇರ್ಲಿ." ಕೊಟ್ಟೆ. ಅವರು ಅದನ್ನು ತಮ್ಮ ನೀಲಿ ರೆಕ್ಸಿನ್ ಚೀಲದ ಜಿಪ್ಪು ಚೂರೇ ತೆರೆದು ಒಳಗೆ ತೂರಿಸಿ ಮುಚ್ಚಿದರು.

ಆ ನೀಲಿ ಚೀಲದ ಬಗ್ಗೆಯೂ ಹೇಳಬೇಕು. ನಮ್ಮನ್ನು ನೋಡಲು ಬಂದು ಓಉಲು ವಿಮಾನ ನಿಲ್ದಾಣದಲ್ಲಿ ಇಳಿದಂದಿನಿಂದ ಅದನ್ನು ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ಕೋಣೆಯಲ್ಲಿ ಕಪಾಟಿನ ಮೇಲೆ ಟವೆಲು ಹಾಸಿ ಇಟ್ಟಿದ್ದರು. ಬಂದು ವಾರಗಳೇ ಕಳೆದರೂ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ಏನಿದೆ ಎಂದು ಕೇಳಿದರೆ "ಎಂತದ್ದೂ ಇಲ್ಲ" ಎನ್ನುತ್ತಿದ್ದರು. ಎಂತದ್ದೂ ಇಲ್ಲದ ಚೀಲವನ್ನು ಬೆಳಿಗ್ಗೆ ಕಾರಿನ ಡಿಕ್ಕಿಗೆ ಹಾಕುತ್ತೇನೆ ಎಂದರೆ ಬಿಡಲಿಲ್ಲ. ಮಡಿಲಲ್ಲಿಟ್ಟುಕೊಂಡೇ ಕೂತರು. ವಯಸ್ಸಾದವರ ಹಟ ಎಂದು ಸುಮ್ಮನಾಗಿದ್ದೆ.

ಅಂತೂ ಮಾವನ ಎಚ್‌ಎಂಟಿ ಗಡಿಯಾರದಲ್ಲಿ ಮೂರಾಯಿತು. "ಈಗ ಹೊರಡುವ," ಎಂದರು. ಆಗಷ್ಟೇ ಬಸ್‌ಸ್ಟ್ಯಾಂಡಿನಲ್ಲಿ ಎದ್ದು ನಿಂತ ಹಾಗೆ ಅವರ ಮುಖದಲ್ಲಿ ಕಳೆ ಬಂತು.

ಸೇತುವೆ ದಾಟಿದೆವು. ಗೇಟಿಲ್ಲ, ಸಾಲಿಲ್ಲ, ಯಾರೂ ಕೈ ಅಡ್ಡ ಹಿಡಿಯಲಿಲ್ಲ. ನೀಲಿ ಬೋರ್ಡು ಬಂತು, ಸ್ವೀಡನ್ ಬಂತು, ಅಷ್ಟೇ.

"ಇಷ್ಟೆಯಾ?" ಎಂದರು ಮಾವ. "ನಮ್ಮ ತಲಪಾಡಿ ಚೆಕ್‌ಪೋಸ್ಟಲ್ಲಿ ಇದಕ್ಕಿಂತ ಗೌರವ ಉಂಟು."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಸೇವಾ ಕಚೇರಿಯ ಮುಂದೆ ಯೋಗೀಶ ಕಾರು ನಿಲ್ಲಿಸಿದ. ಹಿಂದಕ್ಕೆ ತಿರುಗಿ ಫೈಲಿಗೆ ಕೈಚಾಚಿದೆ. ಮಾವ ಕಾರಿನ ಗಡಿಯಾರವನ್ನೇ ನೋಡುತ್ತಿದ್ದರು.

"ಈ ಗಡಿಯಾರ ಹಾಳಾಗಿದೆಯಾ? ಎರಡು ಗಂಟೆ ತೋರಿಸ್ತಾ ಉಂಟು."

ಅಹನಾ ಫೋನಿನಿಂದ ತಲೆಯೆತ್ತಲಿಲ್ಲ. "ನೋ ಅಜ್ಜ. ದಿಸ್ ಈಸ್ ಸ್ವೆರ್ಯೆ, ಸ್ವೀಡನ್. ಒನ್ ಅವರ್ ಬ್ಯಾಕ್."

ಮಾವ ತಮ್ಮ ಗಡಿಯಾರ ನೋಡಿಕೊಂಡರು, ಕಾರಿನದು ನೋಡಿದರು. ಬಸ್ಸುಗಳ ವೇಳಾಪಟ್ಟಿ ಮಾಡಿದ ತಲೆ, ತಡವಾಗಲಿಲ್ಲ. "ಹಾಗಾದ್ರೆ ಇಲ್ಲಿ ಈಗ ಎರಡು," ಎಂದರು ಮೆಲ್ಲಗೆ. "ರಾಹುಕಾಲ ಇಲ್ಲಿ ಈಗ ನಡೀತಾ ಉಂಟು."

ಯೋಗೀಶ ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ನನಗೂ ಆಗ ಹೊಳೆಯಿತು. ಮಧ್ಯಾಹ್ನ ನಿಲ್ಲದೆ ಬಂದುಬಿಟ್ಟಿದ್ದರೆ ಸ್ವೀಡನ್ನಿನಲ್ಲಿ ಇನ್ನೂ ಹನ್ನೆರಡೂವರೆ. ರಾಹು ಹತ್ತಿರವೂ ಇರುತ್ತಿರಲಿಲ್ಲ. ಅವನನ್ನು ತಪ್ಪಿಸಿಕೊಳ್ಳಲು ಆ ದಡದಲ್ಲಿ ಕಾದು ಕೂತು, ಈ ದಡದಲ್ಲಿ ಅವನ ಬಾಯಿಗೇ ಬಂದು ಬಿದ್ದಿದ್ದೆವು. ಇಲ್ಲಿ ಅವನು ಹೋಗುವುದು ಮೂರಕ್ಕೆ. ಕಚೇರಿ ಮುಚ್ಚುವುದೂ ಮೂರಕ್ಕೇ.

"ಅಪ್ಪಾ, ಒಂದೇ ದಿನಕ್ಕೆ ಎರಡು ರಾಹುಕಾಲ ಯಾರಾದ್ರೂ ಮಾಡ್ತಾರಾ?" ಎಂದ ಯೋಗೀಶ. "ಆಲ್ರೆಡಿ ಒಂದು ಮುಗ್ಸಿದ್ದೀವಿ."

"ಅದು ಅಲ್ಲಿಯದ್ದು. ಇದು ಇಲ್ಲಿಯದ್ದು."

"ಸರಿ, ನೀವು ಕಾರಲ್ಲೇ ಇರಿ. ಅವಳು ಹೋಗಿ ಬರ್ಲಿ."

"ಹೋಗ್ಲಿ. ನಾನು ಹಿಡೀಲಿಲ್ಲ. ಆದ್ರೆ ಈ ಚೀಲ ಈಗ ಬಿಚ್ಚೂದಿಲ್ಲ." ಎರಡೂ ಕೈಯಿಂದ ಚೀಲವನ್ನು ಅವುಚಿಕೊಂಡರು.

ಫೈಲು ಅದರೊಳಗಿತ್ತು. ಎಪ್ಪತ್ತೆಂಟರ ಮುದುಕರ ಮಡಿಲಿನಿಂದ ಚೀಲ ಕಿತ್ತುಕೊಳ್ಳಲು ನನಗೆ ಎಷ್ಟು ಹೊತ್ತು ಬೇಕು? ಕೈ ಮುಂದಕ್ಕೆ ಹೋಗಿಯೇಬಿಟ್ಟಿತ್ತು. ಅವರ ಮುಖ ನೋಡಿ ತಡೆದೆ. ಅದು ಹಟದ ಮುಖವಾಗಿರಲಿಲ್ಲ, ಹೆದರಿದ ಮುಖ.

"ಮಾವ," ಎಂದೆ. "ಇವತ್ತು ಆಗ್ಲಿಲ್ಲ ಅಂದ್ರೆ ಮಗೂನ ಬಿಟ್ಟು ನಾನು ತುಮಕೂರಲ್ಲಿ ಕೂತ್ಕೋಬೇಕು. ನಿಮಗೆ ಗೊತ್ತು ತಾನೆ?"

"ಗೊತ್ತುಂಟು ಮಗಾ. ಅದಕ್ಕೇ ಹೇಳೂದು, ಇಂಥ ಕೆಲಸ ಕೆಟ್ಟ ಗಳಿಗೆಯಲ್ಲಿ ಬೇಡ ಅಂತ. ಹೋದದ್ದು ಮತ್ತೆ ಬರೂದಿಲ್ಲ."

ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟಿನ ಜೊತೆ ಅಳುವೂ ಬಂತು. ಇಂಥವರ ಜೊತೆ ವಾದ ಮಾಡಿ ಗೆಲ್ಲಲಾಗದು. ಅವರ ದೇವರ ಭಾಷೆಯಲ್ಲೇ ಮಾತಾಡಬೇಕು. ಆಗ ಅತ್ತೆ ನೆನಪಾದರು.

ಹಿಂದಿನ ದಿನ, ಬುಧವಾರ ಬೆಳಿಗ್ಗೆ, ನಮ್ಮ ಮನೆ ಸಾಮಾನೆಲ್ಲ ಲಾರಿಯಲ್ಲಿ ಎಸ್ಕಿಲ್‌ಸ್ಟುನಾಕ್ಕೆ ಹೊರಟಿತ್ತು. ಕ್ಯಾಲೆಂಡರು ನೋಡಿ ಹೊತ್ತು ಹೇಳಿದವರು ಮಾವನೇ. ಲಾರಿ ಹೊರಡುವಾಗ ಹಳೆಯ ಅಭ್ಯಾಸ ತಡೆಯದೆ ಅದರ ಮೈಗೆ ಎರಡು ಸಲ ಬಡಿದು "ರೈಟ್" ಎಂದಿದ್ದರು. ಏನೂ ಅರ್ಥವಾಗದ ಫಿನ್ನಿಶ್ ಡ್ರೈವರು ಹಲ್ಲು ಬಿಟ್ಟು ಕೈಬೀಸಿದ್ದ.

"ಮಾವ, ನಿನ್ನೆ ಲಾರಿ ಹೊರಡಿಸಿದ್ದು ಯಾರು?"

"ನಾನು."

"ಗಳಿಗೆ ಹೇಗಿತ್ತು?"

"ಚೆನ್ನಾಗಿತ್ತು. ಅಮೃತ ಗಳಿಗೆ. ಯಾಕೆ?"

"ಅದರಲ್ಲಿ ನನ್ನ ಸೀರೆ ಪೆಟ್ಟಿಗೆ ಹೋಯ್ತು. ಅತ್ತೆ ಕೊಟ್ಟ ಕಾಲುದೀಪ ಹೋಯ್ತು. ನಿನ್ನೆ ಮಧ್ಯಾಹ್ನದ ಒಳಗೇ ಲಾರಿ ಈ ಸೇತುವೆ ದಾಟಿದೆ. ನನ್ನ ಪ್ರಸ್ಥಾನ ಆಗಿಹೋಗಿದೆ ಮಾವ. ನಾನು ನಿನ್ನೆಯೇ ಹೊರಟಾಗಿದೆ, ಇವತ್ತು ಬರೀ ಮೈ ಬಂದಿರೋದು."

ಮಾವ ನನ್ನನ್ನು ದಿಟ್ಟಿಸಿದರು. "ಇದು ನಿನಗೆ ಯಾರು ಹೇಳಿದ್ದು?"

"ಅತ್ತೆ. ಮಂಗಳವಾರ ವಿಮಾನ ಹತ್ತಿಸಿದ್ರಲ್ಲ ನನ್ನ. ಫ್ರಾನ್ಸಿಸ್ ಅಂಕಲ್ ಮನೆಯಲ್ಲಿ ಚೀಲ ಇಟ್ಟು."

ಕಚೇರಿಯ ಬಾಗಿಲಿನಿಂದ ಒಬ್ಬರು ಹೊರಬಂದರು, ಇಬ್ಬರು ಒಳಹೋದರು. ಆಮೇಲೆ ಮಾವ ಚೀಲದ ಜಿಪ್ಪನ್ನು ಮೊದಲ ಸಲ ಪೂರ್ತಿ ಎಳೆದರು. ಮೇಲೆಯೇ ನನ್ನ ಫೈಲಿತ್ತು. ಅದನ್ನು ಎತ್ತಿದಾಗ ಕೆಳಗೆ ಒಂದು ಕರವಸ್ತ್ರದ ಗಂಟು ಕಂಡಿತು. ಅರಿಸಿನದ ಕಲೆ, ಬಟ್ಟೆಯ ಮೇಲಿಂದಲೇ ಗೊತ್ತಾಗುವ ಅಡಿಕೆಯ ದುಂಡು. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದು ಅತ್ತೆಯದ್ದಾ?"

"ಅವಳದ್ದೇ," ಎಂದರು. "ನಿಮ್ಮನ್ನು ನೋಡ್ಲಿಕ್ಕೆ ಬರುವ ವೀಸಾ ಬಂದಿತ್ತಲ್ಲ. ವಿಮಾನದ ದಿನ ಸರಿ ಇಲ್ಲ ಅಂತ ಮೊದಲೇ ಪೊರ್ಬುಗಳ ಮನೆಯಲ್ಲಿ ಪ್ರಸ್ಥಾನ ಇಟ್ಟಳು. ಮಾರನೇ ದಿನ ಎದೆ ನೋವು ಅಂದಳು. ಮತ್ತೆ ನಿಂಗೆ ಗೊತ್ತುಂಟು."

ಗೊತ್ತಿತ್ತು. ಚೀಲದ ವಿಷಯ ಮಾತ್ರ ಗೊತ್ತಿರಲಿಲ್ಲ.

"ಇಟ್ಟ ಪ್ರಸ್ಥಾನ ವಾಪಸು ಮನೆಗೆ ತರುವ ಹಾಗಿಲ್ಲ," ಎಂದರು ಮಾವ. "ಪೊರ್ಬುಗಳು ಅವರ ಏಸುವಿನ ಅಲ್ತಾರಿನ ಪಕ್ಕದಲ್ಲೇ ಇಟ್ಟುಕೊಂಡಿದ್ರು. ಒಂದು ದಿನ ಧೂಳು ಕೂರ್ಲಿಕ್ಕೆ ಬಿಡ್ಲಿಲ್ಲ. ನಾನು ಈ ಸಲ ಅವರ ಮನೆಯಿಂದಲೇ ಸೀದಾ ಏರ್‌ಪೋರ್ಟಿಗೆ ಹೋದದ್ದು. ಫಿನ್‌ಲ್ಯಾಂಡಲ್ಲಿ ಬಿಚ್ಚಲಿಲ್ಲ. ಅವಳು ಹೊರಟದ್ದು ಸ್ವೀಡನ್ನಿಗೆ." ಕರವಸ್ತ್ರದ ಗಂಟನ್ನು ಹೆಬ್ಬೆರಳಿನಿಂದ ಸವರಿದರು. "ಇಷ್ಟು ವರ್ಷ ಕಾದವಳನ್ನು ರಾಹುಕಾಲದಲ್ಲಿ ಒಳಗೆ ಕರಕೊಂಡು ಬಂದ ಹಾಗಾಯ್ತಲ್ಲ ಅಂತ."

ಅವರ ಮೇಲೆ ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ಕೈಯ ಮೇಲೆ ಕೈಯಿಟ್ಟೆ.

"ಅವರೂ ಒಳ್ಳೆ ಗಳಿಗೆಯಲ್ಲೇ ಹೊರಟಿದ್ದಾರಲ್ಲ ಮಾವ. ದಾರಿಯಲ್ಲಿ ಬರೋ ರಾಹುಕಾಲ ಲೆಕ್ಕಕ್ಕಿಲ್ಲ. ಹೊತ್ತಿಗೆ ಸರಿಯಾಗಿ ಬಿಟ್ಟ ಬಸ್ಸು ನಿಮ್ಮದು, ಪಡುಬಿದ್ರೆ ಹತ್ರ ರಾಹುಕಾಲ ಬಂತು ಅಂತ ನಿಂತುಬಿಡ್ತಿತ್ತಾ?"

ಮಾವ ಮೂಗು ಒರೆಸಿಕೊಂಡರು. ಡಿಪೋದವರ ಹಾಗೆ ಯೋಚಿಸಿದರು. "ಹೊರಟ ಬಸ್ಸು ನಿಲ್ಲಿಸ್ಲಿಕ್ಕೆ ಆಗೂದಿಲ್ಲ," ಎಂದರು ಕೊನೆಗೆ. ಫೈಲು ನನ್ನ ಕೈಗೆ ಕೊಟ್ಟು, ಕಾರಿನ ಬಾಗಿಲಿಗೆ ಒಳಗಿನಿಂದಲೇ ಎರಡು ಸಲ ಬಡಿದರು. "ರೈಟ್. ಓಡು."

ಓಡಿದೆ. ಹಿಮದ ಮೇಲೆ ಓಡುವುದೆಂದರೆ ಎರಡು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ. ಯೋಗೀಶ ಹಿಂದಿನಿಂದ "ಪಾರು, ಸ್ಲೋ, ಸ್ಲೋ" ಎನ್ನುತ್ತ ತಾನೇ ಜಾರುತ್ತ ಬಂದ. ಒಳಗೆ ನಂಬರಿನ ಚೀಟಿ ಹರಿದು ಕೂತೆ. ನನ್ನ ಮುಂದೆ ಇಬ್ಬರಿದ್ದರು. ಮೊದಲನೆಯವರು ಬೇಗ ಮುಗಿಸಿದರು. ಎರಡನೆಯವರು ಕೌಂಟರಿನ ಹೆಂಗಸಿನ ಜೊತೆ ಮೀನು ಹಿಡಿಯುವ ಜಾಗದ ಬಗ್ಗೆ ಮಾತಿಗಿಳಿದರು. ಮಂಜುಗಡ್ಡೆ ಎಲ್ಲಿ ಗಟ್ಟಿ, ಎಲ್ಲಿ ಬಿರುಕು, ಎಲ್ಲ ಆಯಿತು. ಗೋಡೆಯ ಗಡಿಯಾರದ ಮುಳ್ಳು ಮಾತ್ರ ಯಾರ ಮಾತನ್ನೂ ಕೇಳದೆ ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೇನೋ ಎಂದು ಬೆವರಿದೆ. ಯೋಗೀಶ ಎದ್ದು ನಿಂತು, ಕೂತು, ಮತ್ತೆ ಎದ್ದ.

ನನ್ನ ನಂಬರು ಬಂತು. ಬಿಳಿಗೂದಲಿನ ಹೆಂಗಸು, ಕನ್ನಡಕ ಸರದಲ್ಲಿ ನೇತಾಡುತ್ತಿತ್ತು. ಪಾಸ್‌ಪೋರ್ಟು ನೋಡಿದಳು, ಕಾರ್ಡು ನೋಡಿದಳು, ಮನೆಯ ಕರಾರು ನೋಡಿದಳು. ಏನೋ ಟೈಪು ಮಾಡಿದಳು. ತಡೆದಳು. ಪರದೆಯನ್ನು ಹತ್ತಿರದಿಂದ ನೋಡಿ ಕನ್ನಡಕ ಮೇಲೆತ್ತಿಕೊಂಡಳು.

"ಗಡುವು ಇವತ್ತಿಗೇ ಮುಗಿಯುತ್ತಲ್ಲ?" ಎಂದಳು ಸ್ವೀಡಿಶ್‌ನಲ್ಲಿ.

"ಹೌದು. ಅದಕ್ಕೇ ಇವತ್ತು ಬಂದೆ."

"ಇಷ್ಟು ಅಂಚಿಗೆ ಯಾಕೆ ಬಂದಿರಿ?"

ಸೀತಾಳೆಯ ಬಗ್ಗೆ ಹೇಳಿದೆ. ರಾಹುಕಾಲದ ಬಗ್ಗೆ ಹೇಳಲಿಲ್ಲ. ಹೇಳಿದರೆ ಅದಕ್ಕೂ ಒಂದು ಅರ್ಜಿ ತುಂಬಿಸಿಯಾಳು ಎಂದು ಭಯ. ಅವಳು ತನ್ನ ಮೊಮ್ಮಗನಿಗೂ ಎದ್ದಿದೆ ಎಂದು ನಿಟ್ಟುಸಿರಿಟ್ಟು, ಸಹಿ ಹಾಕಿಸಿಕೊಂಡು, ಮುದ್ರೆ ಹಾಕಿದ ರಸೀದಿಯನ್ನು ನನ್ನ ಕಡೆ ತಳ್ಳಿದಳು.

"ಸೊ ಡಾರ್," ಎಂದಳು. "ಕ್ಲಾರ್ಟ್." ಮುಗೀತು ಅಂತ.

ಅಷ್ಟು ಚಿಕ್ಕ ಮಾತಿಗೆ ಎರಡು ವರ್ಷ ಕಾದಿದ್ದೆ. ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಯೋಗೀಶ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಹೆಂಗಸು ಒಂದು ಲೋಟ ನೀರು ತಂದುಕೊಟ್ಟಳು. ಅಂಥ ರುಚಿಯಾದ ನೀರು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಇನ್ನು ನನ್ನ ಮಗಳು ಎಲ್ಲಿರುತ್ತಾಳೋ ನಾನೂ ಅಲ್ಲಿರುತ್ತೇನೆ ಎಂಬುದನ್ನು ಒಳಗೊಳಗೇ ಮತ್ತೆ ಮತ್ತೆ ಹೇಳಿಕೊಂಡೆ. ಹೊರಗೆ ಬರುವಾಗ ಹಿಂದಿನಿಂದ ಬಾಗಿಲಿಗೆ ಬೀಗ ಬಿದ್ದ ಸದ್ದು ಕೇಳಿತು.

ಮಾವ ಕಾರಿನಿಂದ ಇಳಿದು ಬಿಸಿಲಿಗೆ ನಿಂತಿದ್ದರು. ಪಕ್ಕದ ಬೆಂಚಿನ ಮೇಲಿನ ಹಿಮವನ್ನು ಒರೆಸಿ ಅದರ ಮೇಲೆ ನೀಲಿ ಚೀಲ ಇಟ್ಟಿದ್ದರು. ಅವರು ಅದನ್ನು ಮಡಿಲಿನಿಂದ ಕೆಳಗಿಟ್ಟದ್ದನ್ನು ಆ ದಿನ ನೋಡಿದ್ದು ಅದೇ ಮೊದಲು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಆಯ್ತಾ?"

"ಆಯ್ತು ಮಾವ."

"ಈಗ ಗಂಟೆ ಎಷ್ಟು? ಇಲ್ಲಿಯದ್ದು ಹೇಳು."

"ಇಲ್ಲಿಯದ್ದೇ, ಮೂರಾಯ್ತು."

ಮಾವ ಎಚ್‌ಎಂಟಿಯ ಕಿವಿ ಎಳೆದು ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡರು. ಆಮೇಲೆ ಚೀಲದ ಕಡೆ ತಿರುಗಿ, ಪಕ್ಕದಲ್ಲಿ ನಿಂತವರಿಗೆ ಹೇಳುವ ಹಾಗೆ, "ಬಂದಾಯ್ತು ಮಾರಾಯ್ತಿ," ಎಂದರು.

ಅಲ್ಲೇ ಬಿಚ್ಚಿದರು. ಒಂದು ಕೆಂಪು ಉಣ್ಣೆಯ ಸ್ವೆಟರು, ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ಎರಡು ಸೀರೆ. ಕರವಸ್ತ್ರದ ಗಂಟು. ಎಲ್ಲದರ ಕೆಳಗೆ, ಕಾಗದದಲ್ಲಿ ಸುತ್ತಿದ ಒಂದು ಹಳದಿ ಫ್ರಾಕು. ಎದೆಯ ಮೇಲೆ ಕೈಯಲ್ಲೇ ಹಾಕಿದ ಕಸೂತಿ, ಮೂರು ಬಾತುಕೋಳಿ. ಮೂರನೆಯದಕ್ಕೆ ಕಣ್ಣು ಹಾಕುವುದು ಬಾಕಿ ಉಳಿದಿತ್ತು.

"ನಿಂಗೆ ಅಜ್ಜಿ ಹೊಲಿದದ್ದು," ಎಂದು ಮಾವ ಅಹನಾಳ ಕೈಗೆ ಕೊಟ್ಟರು.

ಅಹನಾಳಿಗೆ ಈಗ ಒಂಬತ್ತು. ಫ್ರಾಕನ್ನು ಎರಡು ಕೈಯಲ್ಲಿ ಹಿಡಿದು ಜಾಕೆಟಿನ ಮೇಲೆ ಅಳೆದು ನೋಡಿದಳು. ಹೊಕ್ಕುಳ ತನಕವೂ ಬರಲಿಲ್ಲ. "ಅಜ್ಜ, ದೆನ್ ಎರ್ ಫೊರ್ ಲಿತೆನ್," ಎಂದಳು. ಮಾವನಿಗೆ ಸ್ವೀಡಿಶ್ ಬರುವುದಿಲ್ಲ. ಆದರೆ ತುಂಬ ಚಿಕ್ಕದು ಎಂಬುದನ್ನು ಅರ್ಥ ಮಾಡಿಕೊಳ್ಳಲು ಸ್ವೀಡಿಶ್ ಬೇಕಾಗಿರಲಿಲ್ಲ.

"ಅಜ್ಜಿ ಬರುವಾಗ ಸ್ವಲ್ಪ ತಡ ಮಾಡಿದಳು ಮಗಾ," ಎಂದರು.

ನಾನು ತಡ ಮಾಡಿರಲಿಲ್ಲ. ಇಷ್ಟು ಅಂಚಿಗೆ ಬಂದರೂ, ಎರಡು ರಾಹುಕಾಲದ ನಡುವೆ ಸಿಕ್ಕಿಕೊಂಡರೂ, ನನ್ನ ಮಗಳ ಅಳತೆ ನನಗೆ ಗೊತ್ತಿರುವಾಗಲೇ ಬಂದು ಮುಟ್ಟಿದ್ದೆ. ಅದು ಹೊಳೆದ ಕ್ಷಣ ಕಚೇರಿಯೊಳಗೆ ತಡೆದದ್ದೆಲ್ಲ ಹೊರಬಂತು. ದಾರಿಹೋಕರು ನೋಡುತ್ತಿದ್ದರೂ ಅಹನಾಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವಳು ಮುಜುಗರದಿಂದ "ಮಮ್ಮಾ, ಸ್ಲುತಾ" ಎಂದು, ಸಾಕು ನಿಲ್ಲಿಸು ಎಂದು, ನನ್ನ ಬೆನ್ನು ತಟ್ಟಿದಳು.

ಕತ್ತಲಾಗುವ ಮೊದಲು ಲೂಲಿಯೋ ತಲುಪಿ ಅಲ್ಲೇ ತಂಗುವುದು ಎಂದಿತ್ತು. ಎಲ್ಲರೂ ಕಾರು ಹತ್ತಿದೆವು. ಯೋಗೀಶ ಕೀಲಿ ತಿರುಗಿಸಿ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. "ಹೊರಡೋಣ್ವಾ ಅಪ್ಪಾ? ಟೈಮ್ ಓಕೆನಾ?"

ಮಾವ ಖಾಲಿ ಚೀಲವನ್ನು ಮಡಿಸಿ ಕಾಲ ಬಳಿ ಹಾಕಿಕೊಂಡು, ಬಾಗಿಲಿಗೆ ಎರಡು ಸಲ ಬಡಿದರು. ಅಹನಾ ಮಡಿಲಲ್ಲಿ ಫ್ರಾಕು ಹರಡಿಕೊಂಡು, ಕಣ್ಣಿಲ್ಲದ ಬಾತುಕೋಳಿಯ ಮೇಲೆ ಬೆರಳಾಡಿಸುತ್ತ, ಸೂಜಿ ದಾರ ಯಾವ ಪೆಟ್ಟಿಗೆಯಲ್ಲಿದೆ ಎಂದು ನನ್ನನ್ನು ಕೇಳಿದಳು.